ಯಂತ್ರಕ್ಕೊಂದು ಪೀಠ

ದೇವರಿಗೆ ಪೀಠ ಬೇಕು, ಅರಸನಿಗೆ ಸಿಂಹಾಸನ ಬೇಕು, ಶಾಲೆಯ ಮೇಷ್ಟರಿಗೆ ಕಾಲು ಮುರಿದದ್ದಾದರೂ ಸರಿ, ಒಂದು ಕುರ್ಚಿ ಬೇಕು. ಪೀಠವಿಲ್ಲದವನ ಮಾತಿಗೆ ಲೋಕದಲ್ಲಿ ಬೆಲೆ ಕಡಮೆ. ಈ ನಿಯಮವು ಮನುಷ್ಯರಿಗೆ ಮಾತ್ರ ಅನ್ವಯಿಸುವುದೆಂದು ತಿಳಿದವರು ಒಮ್ಮೆ ಬಡಗಿಯ ಕೊಟ್ಟಿಗೆಯನ್ನು ಹೊಕ್ಕು ನೋಡಬೇಕು. ಅಲ್ಲಿ ಈಗ ರೂಟರ್ ಎಂಬುದೊಂದು ಯಂತ್ರವಿರುತ್ತದೆ. ತಂಬಿಗೆಯ ಗಾತ್ರದ ಮೋಟಾರು; ಅದರ ಮೂತಿಗೆ ಕಚ್ಚಿಸಿದ ಬೆರಳುದ್ದದ ಅಲಗು. ಗುಂಡಿಯನ್ನು ಒತ್ತಿದರೆ ಆ ಅಲಗು ನಿಮಿಷಕ್ಕೆ 20,000 ದಿಂದ 30,000 ಸುತ್ತು ತಿರುಗುತ್ತದೆ. ಮರದ ಮೈಯಲ್ಲಿ ಜಾಡು ತೋಡುತ್ತದೆ, ಅಂಚನ್ನು ದುಂಡಗೆ ಮಾಡುತ್ತದೆ. ಕೈಯಲ್ಲಿ ಹಿಡಿದರೆ ಅದು ಹಗ್ಗ ಹರಿದ ಹೋರಿ. ಪೀಠಕ್ಕೆ ಬಿಗಿದರೆ ಗಾಣದ ಎತ್ತು.

ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಪಾಂಡವಪುರದಲ್ಲಿ ಮರಗೆಲಸದ ಮನೆತನವೊಂದುಂಟು. ಅಲ್ಲಿ ತಾತ ಮಾಡಿದ್ದು ನೇಗಿಲು ಮತ್ತು ಗಾಡಿಯ ಗಾಲಿ. ತಂದೆಯ ಕಾಲಕ್ಕೆ ಟ್ರ್ಯಾಕ್ಟರು ಬಂದಿತು. ಗಾಲಿಗಳು ಹೋದುವು, ಬಾಗಿಲು ಕಿಟಕಿಗಳು ಉಳಿದುವು. ಮಗನು ತಲೆಯೆತ್ತುವ ವೇಳೆಗೆ ಅಂಗಡಿಗಳಲ್ಲಿ ಸಿದ್ಧ ಬಾಗಿಲುಗಳು ಮದುವೆಗೆ ನಿಂತ ವರಗಳಂತೆ ಸಾಲುಗಟ್ಟಿದ್ದುವು. ಹೀಗಿರುವಾಗ ಕೃಷ್ಣರಾಜಪೇಟೆಯ ಗೃಹಸ್ಥರೊಬ್ಬರು ತಮ್ಮ ಹೊಸ ಮನೆಯ ಕಿಟಕಿಗಳಿಗೆ ತೇಗದ 24 ಕದಗಳನ್ನು ಮಾಡಿಕೊಡಬೇಕೆಂದು ಮುಂಗಡ ಕೊಟ್ಟುಹೋದರು. ಕದವೊಂದಕ್ಕೆ ನಾಲ್ಕು ಪಟ್ಟಿ. ನಡುವಿನ ಹಲಗೆ ಕೂರಲು ಒಂದೊಂದು ಪಟ್ಟಿಗೂ ಒಳಮೈಯಲ್ಲಿ ನೇರವಾದ ಜಾಡು. ಒಟ್ಟು 96 ಪಟ್ಟಿಗಳು.

ಮೊದಲನೆಯ ಪಟ್ಟಿಯಲ್ಲಿಯೇ ಜಾಡು ಹಾವಿನಂತೆ ಹರಿಯಿತು. ಹಿರಿಯ ಆಚಾರಿಗಳ ಬಲಗೈ ವರ್ಷದಿಂದಲೂ ನಡುಗುತ್ತಿದ್ದಿತು. ಊಟದ ಹೊತ್ತಿನಲ್ಲಿ ಅದನ್ನು ಎಡಗೈಯಿಂದ ಮರೆಸಬಹುದು. ತಿರುಗುವ ಅಲಗಿನ ಮುಂದೆ ಮರೆಸುವುದು ಹೇಗೆ? ಮಗನು ಕೆಟ್ಟ ಪಟ್ಟಿಯನ್ನು ಸದ್ದಿಲ್ಲದೆ ರಾಶಿಯ ಹಿಂದಕ್ಕೆ ಸರಿಸಿದನು. ಮರುದಿನ ಬೆಳಿಗ್ಗೆ,

“ಅಪ್ಪಾ, ಈ ಮಿಷಿನ್ನು ಬಲು ಭಾರ. ಹಿಡಿದೂ ಹಿಡಿದೂ ನನ್ನ ರಟ್ಟೆ ಬಿದ್ದೋಯ್ತು. ಒಂದು ಮೇಜು ಮಾಡಿ, ಅದರ ಅಡೀಲಿ ತೂಗಾಕ್ಬುಡಾಣ” ಎಂದನು.

ತಂದೆ ಮಗನ ತೋಳನ್ನು ನೋಡಿದರು. ತೇಗದ ತೊಲೆಯನ್ನು ಒಂಟಿಯಾಗಿ ಎತ್ತಿ ನಿಲ್ಲಿಸುವ ತೋಳು. “ಆಗ್ಲಿ ಮಗಾ” ಎಂದರಷ್ಟೆ.

ಇಂತಹ ಮೇಜುಗಳು ಪೇಟೆಯಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ. ಆದರೆ ಅದರ ಬೆಲೆಯನ್ನು ತೆತ್ತರೆ ಮುಂಗಡದ ಹಣದಲ್ಲಿ ತೇಗಕ್ಕೆ ಏನೂ ಉಳಿಯುತ್ತಿರಲಿಲ್ಲ. ಆದುದರಿಂದ ನಾಗಮಂಗಲದಲ್ಲಿ ಕೆಡವಿದ ಹಳೆಯ ಮನೆಯೊಂದರ ಹಲಸಿನ ತೊಲೆ ಮೇಜಿನ ಕಾಲುಗಳಾಯಿತು. ಶ್ರೀರಂಗಪಟ್ಟಣದ ಗುಜರಿ ಅಂಗಡಿಯಿಂದ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಬಂದಿತು. 18 ಮಿಲಿಮೀಟರಿನ ಎರಡು ಪ್ಲೈವುಡ್ ಹಲಗೆಗಳನ್ನು ಗೋಂದಿನಿಂದ ಅಂಟಿಸಿ, 3 ಅಡಿ ಉದ್ದ 2 ಅಡಿ ಅಗಲದ ಮೇಲ್ಮೈಯನ್ನು ಸಿದ್ಧಪಡಿಸಿದರು. ನಡುವೆ ಕಿಂಡಿ ಕೊರೆದು, ಅದರ ಅಂಚಿನಲ್ಲಿ ತಗಡು ಕೂರುವಷ್ಟು ತಗ್ಗು ಮಾಡಿದರು. ತಗಡಿಗೆ ಯಂತ್ರವನ್ನು ತಲೆಕೆಳಗಾಗಿ ಬಿಗಿದರೆ ಅಲಗು ಮಾತ್ರ ಮೇಜಿನ ಮೇಲೆ ಇಣುಕುತ್ತದೆ. ತಗಡು ಮೇಜಿಗಿಂತ ಕೂದಲಷ್ಟು ಏರಿದರೂ ಇಳಿದರೂ ಪಟ್ಟಿ ಅಲ್ಲಿ ಮುಗ್ಗರಿಸುವುದು ಖಂಡಿತ. ಆದುದರಿಂದ ನಾಲ್ಕು ಮೂಲೆಗಳಿಗೂ ಏರಿಳಿಸುವ ತಿರುಪುಗಳು.

ಮೇಲ್ಮೈ ಸಮವಾಗಿದೆಯೇ ಎಂಬುದನ್ನು ಪರೀಕ್ಷಿಸುವ ಸರದಿ ತಂದೆಯದು. ಮೇಜಿನ ಎರಡು ತುದಿಗಳಲ್ಲಿ ಎರಡು ನೇರ ಕೋಲುಗಳನ್ನಿಟ್ಟು, ಒಂದರ ಮೇಲಿನಿಂದ ಇನ್ನೊಂದನ್ನು ಒಕ್ಕಣ್ಣಿನಲ್ಲಿ ನೋಡಿದರು. ಮೇಜು ಎಳ್ಳಷ್ಟು ತಿರುಚಿದ್ದರೂ ಕೋಲುಗಳು ಒಂದಕ್ಕೊಂದು ಓರೆಯಾಗಿ ಕಾಣಿಸಬೇಕು. “ಆ ಮೂಲೆ ತಗ್ಗು” ಎಂದರು. ಇತ್ತು. ಕೈಗೆ ಬಂದ ಮುಪ್ಪು ಕಣ್ಣಿಗೆ ಬಂದಿರಲಿಲ್ಲ.

ಇನ್ನು ಉಳಿದದ್ದು ಪಟ್ಟಿಗೆ ಆಸರೆಯಾಗುವ ತಡೆಹಲಗೆ. ಅದನ್ನು ಮೇಜಿನ ಅಂಚಿಗೆ ಸರಿಸಮನಾಗಿ ಹೇಗೆ ನಿಲ್ಲಿಸುವುದೆಂದು ಮಗನು ಲೆಕ್ಕ ಹಾಕುತ್ತಿದ್ದಾಗ ತಂದೆ ನಕ್ಕರು. ಗರಗಸದ ಮೇಜಿಗೆ ಆ ಕಟ್ಟುನಿಟ್ಟು ಬೇಕು, ಗರಗಸಕ್ಕೆ ದಿಕ್ಕುಂಟು. ಗುಂಡಗೆ ತಿರುಗುವ ಅಲಗಿಗೆ ಯಾವ ದಿಕ್ಕು? ತಡೆಹಲಗೆ ಓರೆಯಾದರೂ ಕೆಡಕಿಲ್ಲ. ಅದರಿಂದ ಅಲಗಿಗೆ ಇರುವ ದೂರವೊಂದೇ ಮುಖ್ಯ. ಒಂದು ತುದಿಯನ್ನು ಬೋಲ್ಟಿನಿಂದ ನಿಲ್ಲಿಸಿ, ಇನ್ನೊಂದನ್ನು ಬಾಗಿಲಿನಂತೆ ಸರಿಯಲು ಬಿಟ್ಟರು. ಅಲಗು ನಟ್ಟನಡುವೆ ಇರುವುದರಿಂದ, ತುದಿಯು 1 ಮಿಲಿಮೀಟರ್ ಸರಿದರೆ ಅಲಗಿನ ಬಳಿ ಅರ್ಧ ಮಿಲಿಮೀಟರ್ ಮಾತ್ರ ಸರಿಯುತ್ತದೆ. ನಡುಗುವ ಕೈಯ ತಪ್ಪನ್ನು ಹಲಗೆಯೇ ಅರ್ಧಕ್ಕೆ ಇಳಿಸುತ್ತದೆ!

ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ; ಹದಿಮೂರನೆಯ ಶತಮಾನದ್ದು. ಅದರ ಒಳಗಿನ ಕಂಬಗಳು ಕಡೆದ ಬುಗುರಿಗಳಂತೆ ನುಣುಪು. ಅಲ್ಲಿ ಕಲ್ಲನ್ನು ತಿರುಗಿಸಿ ಉಳಿಯನ್ನು ನೆಲೆಯಾಗಿ ಹಿಡಿದರು. ಇಲ್ಲಿಯಾದರೋ ಅಲಗು ತಾನೇ ತಿರುಗುತ್ತ ಇದ್ದಲ್ಲಿಯೇ ಇರುತ್ತದೆ, ಮರ ನಡೆಯುತ್ತದೆ. ರೀತಿ ಬೇರೆ, ನೀತಿ ಒಂದೇ: ಒಂದು ನೆಲೆಯಲ್ಲಿ ನಿಂತರೆ ಇನ್ನೊಂದು ನೇರವಾಗಿ ಸಾಗುತ್ತದೆ. ಕೈಯಲ್ಲಿದ್ದಾಗ ಯಂತ್ರವನ್ನು ಆಳುವುದು ಕೈಯ ಬಲ. ಮೇಜಿನಲ್ಲಿದ್ದಾಗ, ಮೇಜನ್ನು ಕಟ್ಟಿದವನ ಬುದ್ಧಿ.

ಹಾಗೆಂದು ಆ ಅಲಗು ಬೆರಳು ಯಾವುದು, ತೇಗ ಯಾವುದು ಎಂದು ವಿಚಾರಿಸುವುದಿಲ್ಲ. ತಲೆಕೆಳಗಾದ ಯಂತ್ರದ ಅಲಗು, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಮರವನ್ನು ಬಲದಿಂದ ಎಡಕ್ಕೆ, ಅಲಗಿಗೆ ಇದಿರಾಗಿ ನಡೆಸಬೇಕು. ಎಡದಿಂದ ಬಲಕ್ಕೆ ಕೊಟ್ಟರೆ ಅದು ಪಟ್ಟಿಯನ್ನು ಸೆಳೆದೊಯ್ಯುತ್ತದೆ, ಜೊತೆಗೆ ಕೈಯನ್ನೂ. ತಡೆಹಲಗೆಗೂ ಅಲಗಿಗೂ ನಡುವಿನ ಸಂದಿಗೆ ಮರವನ್ನು ತೂರಿಸುವಂತೆಯೇ ಇಲ್ಲ. 10 ಮಿಲಿಮೀಟರ್ ಆಳದ ಜಾಡನ್ನು ಒಂದೇ ಸಲಕ್ಕೆ ತೋಡದೆ ಮೂರು ನಾಲ್ಕು ಸಲಕ್ಕೆ ಇಳಿಸಬೇಕು. ಅಲಗಿನ ಎರಡು ಪಕ್ಕಕ್ಕೂ ತಂದೆ ಕೆಂಪು ಬಣ್ಣದ ಗೆರೆಗಳನ್ನೆಳೆದರು. ಅವುಗಳೊಳಗೆ ಕೈ ಬರಕೂಡದು. ಅಲ್ಲಿಂದ ಮುಂದೆ ತಳ್ಳುಕೋಲಿನ ಕೆಲಸ.

ಆ ತಳ್ಳುಕೋಲನ್ನೂ ಅವರೇ ತಂದರು. ಹಿಡಿ, ಮುಂದೆ ಮರವನ್ನು ಕಚ್ಚುವ ಹಲ್ಲು, ಎಲ್ಲವೂ ಅಚ್ಚುಕಟ್ಟು. ಅದರ ಮಗ್ಗುಲಲ್ಲಿ ಹಾವಿನಂತೆ ಹರಿದ ಒಂದು ಜಾಡಿದ್ದಿತು. ರಾಶಿಯ ಹಿಂದೆ ಅಡಗಿಸಿದ ಪಟ್ಟಿ ಅದು. ಮಗನು ಗುರುತಿಸಿದನು, ತಂದೆ ಅವನು ಗುರುತಿಸಿದ್ದನ್ನೂ ನೋಡಿದರು.

“ಕರೆಂಟು ಹೋಗೋ ಮುಂಚೆ ಶುರು ಮಾಡು” ಎಂದರು.

96 ಪಟ್ಟಿಗಳೂ ಆ ಮೇಜಿನ ಮೇಲೆಯೇ ಮುಗಿದುವು. ತಂದೆ ತಳ್ಳಿದ್ದೆಷ್ಟು, ಮಗನು ತಳ್ಳಿದ್ದೆಷ್ಟು ಎಂಬುದನ್ನು ಯಾವ ಜಾಡೂ ಹೇಳುವಂತಿರಲಿಲ್ಲ. ಕೃಷ್ಣರಾಜಪೇಟೆಯ ಗೃಹಸ್ಥರು ಕದಗಳನ್ನು ಸವರಿ, ಪಾಲಿಷನ್ನು ಹೊಗಳಿ, ವಾಡಿಕೆಯಂತೆ ಬೆಲೆಯಲ್ಲಿ ಚೌಕಾಸಿಯನ್ನೂ ಮಾಡಿದರು. ಜಾಡಿನ ಮಾತನ್ನು ಅವರು ಎತ್ತಲಿಲ್ಲ, ಎತ್ತುವುದಾದರೂ ಹೇಗೆ? ಹಲಗೆಯನ್ನು ಕೂರಿಸಿದ ಮೇಲೆ ಜಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಹಲಗೆಯನ್ನು ಬೀಳದಂತೆ ಹಿಡಿದಿರುವುದು ಮಾತ್ರ ಅದೇ.