ಹುತ್ತ, ಮಂಟಪ, ವಾಚನಾಲಯ

ಏಪ್ರಿಲ್ 12, 2024, ಶುಕ್ರವಾರ. ದಾವಣಗೆರೆ

ಮಧ್ಯಾಹ್ನ ವಾಚನಾಲಯಕ್ಕೆ ಹೋದರೆ ಒಳಗೆ ಮಂಡಕ್ಕಿ ಭಟ್ಟಿಯ ಕಾವು. ಪಡುವಣ ದಿಕ್ಕಿಗೆ ಗೋಡೆ ಪೂರ್ತಿ ಗಾಜು. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು, “ತಮ್ಮಾ, ಆ ಕಿಟಕಿ ಚೂರು ತೆಗಿಯಪ್ಪಾ” ಅಂದರು. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಹುಡುಗ ತಲೆ ಎತ್ತದೆಯೇ, “ತೆಗಿಯಾಕ ಬರಲ್ಲ ಅಜ್ಜಾ, ಗ್ಲಾಸ್ ಫಿಕ್ಸ್ ಮಾಡ್ಯಾರೆ” ಅಂದ. ಅಷ್ಟರಲ್ಲಿ ಕರೆಂಟೂ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಅರ್ಧ ಕುರ್ಚಿ ಖಾಲಿ.

ಗಾಜಿನ ಪಕ್ಕದ ಕಪಾಟಿನಲ್ಲಿ ಕೆಂಪು ಬೈಂಡಿನ ಪುಸ್ತಕಗಳ ಬೆನ್ನೆಲ್ಲ ಬಿಳಚಿಕೊಂಡಿವೆ. ಒಂದನ್ನು ಎಳೆದು ನೋಡಿದೆ. ಪಕ್ಕದ ಪುಸ್ತಕದ ಮರೆಯಲ್ಲಿದ್ದ ಭಾಗ ಮಾತ್ರ ಇನ್ನೂ ಕೆಂಪಗಿದೆ.

ಏಪ್ರಿಲ್ 14, ಭಾನುವಾರ. ಹರಿಹರ

ಹೊಳೆ ಬತ್ತಿ ಬಂಡೆ ಕಾಣುತ್ತಿದೆ. ಬಿಸಿಲಿಗೆ ಅಂಜಿ ಹರಿಹರೇಶ್ವರನ ಗುಡಿ ಹೊಕ್ಕೆ. 1224ರ ಸುಮಾರಿಗೆ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ. ಎಲ್ಲರೂ ಅರ್ಧ ಹರಿ, ಅರ್ಧ ಹರನ ಮೂರ್ತಿ ನೋಡಲು ಒಳಗೆ ನುಗ್ಗುತ್ತಾರೆ. ನಾನು ಮಂಟಪದಲ್ಲೇ ಕೂತೆ.

ಸುತ್ತಲೂ ಸೊಂಟದೆತ್ತರದ ಗೋಡೆ, ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ಕಡೆದು ನುಣುಪು ಮಾಡಿದ ದೊಡ್ಡ ಕಂಬಗಳು. ಅಂಚು ನೇರವಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮುರಿದುಕೊಂಡು ಹೋಗುತ್ತದೆ. ಚೆಂದಕ್ಕೆ ಹಾಗೆ ಮಾಡಿದ್ದಾರೆ ಎನ್ನುವವರು ಅಲ್ಲಿ ಒಂದು ತಾಸು ಕೂರಬೇಕು. ಗಾಳಿ ಯಾವ ದಿಕ್ಕಿನಿಂದ ಬಂದರೂ ಯಾವುದಾದರೊಂದು ಮೂಲೆಗೆ ಸಿಕ್ಕಿ ಒಳಗೆ ತಿರುಗುತ್ತದೆ. ಬೆಳಕು ಬರುತ್ತದೆ, ನಡುವಿಗೆ ಬಿಸಿಲು ಬರುವುದಿಲ್ಲ. ಕಂಬಕ್ಕೆ ಬೆನ್ನು ಕೊಟ್ಟೆ, ತಣ್ಣಗಿತ್ತು. ಪುಸ್ತಕ ತೆಗೆದು ಇಪ್ಪತ್ತು ಪುಟ ಓದಿದೆ, ಬೆವರಲಿಲ್ಲ.

ಏಪ್ರಿಲ್ 17, ಬುಧವಾರ

ರಾಮನವಮಿ. ಪಾನಕ, ಕೋಸಂಬರಿ. ಸಂಜೆ ಊರಾಚೆ ಹುತ್ತ ನೋಡಿದಾಗ ಹಿಂದೆ ಓದಿದ್ದು ನೆನಪಾಯಿತು. ಜಿಂಬಾಬ್ವೆಯ ಹರಾರೆಯಲ್ಲಿ ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿ ಹುತ್ತದಿಂದ ಪ್ರೇರಣೆ ಪಡೆದು ಈಸ್ಟ್‌ಗೇಟ್ ಕಟ್ಟಡ ಮಾಡಿದ, 1996ರಲ್ಲಿ ತೆರೆಯಿತು. ಮಾಮೂಲಿ ಎಸಿ ಇಲ್ಲ. ರಾತ್ರಿಯ ತಂಪು ಗಾಳಿ ಎಳೆದು ಕಾಂಕ್ರೀಟಿನಲ್ಲಿ ತಂಪು ಹಿಡಿದಿಟ್ಟು, ಹಗಲು ಬಳಸುವ ಉಪಾಯ. ಆದರೆ ಹುತ್ತದ ಬಗ್ಗೆ ಆಗ ತಿಳಿದಿದ್ದು ಅರ್ಧ ಸತ್ಯ. ನಮ್ಮ ನಾಡಿನ ಗೆದ್ದಲ ಹುತ್ತದೊಳಗೆ ಗಾಳಿಯ ಓಟ ಅಳೆದ ಸಂಶೋಧನೆ 2015ರಲ್ಲಿ ಪ್ರಕಟವಾಯಿತು. ಹಗಲು ಹೊರಗಿನ ಏಣುಗಳು ಬೇಗ ಕಾದು ಅಲ್ಲಿ ಗಾಳಿ ಮೇಲೇರುತ್ತದೆ, ನಡುವಿನ ಕೊಳವೆಯಲ್ಲಿ ಇಳಿಯುತ್ತದೆ, ರಾತ್ರಿ ತಿರುಗುಮುರುಗು. ಹಗಲು ರಾತ್ರಿಯ ಈ ವ್ಯತ್ಯಾಸದಿಂದಲೇ ಹುತ್ತ ಉಸಿರಾಡುತ್ತದೆ.

ಪುಸ್ತಕ ತಿನ್ನುವ ಗೆದ್ದಲೇ ಗ್ರಂಥಾಲಯ ಕಟ್ಟುವುದಕ್ಕೆ ಗುರು! ಗ್ರಂಥಪಾಲಕರ ಮುಂದೆ ಹೇಳಿದರೆ ಬೈಸಿಕೊಳ್ಳಬೇಕಾದೀತು.

ಏಪ್ರಿಲ್ 20, ಶನಿವಾರ

ವಾಚನಾಲಯಕ್ಕೆ ಹರಿಹರದ ಮಂಟಪವನ್ನೇ ನಕಲು ಮಾಡಿದರೆ ಧೂಳು, ಇರಚಲು, ಪಾರಿವಾಳ. ಪುಸ್ತಕಗಳು ದಪ್ಪ ಗೋಡೆಯೊಳಗೆ ಇರಲಿ, ಓದುವವರು ಅದರ ಸುತ್ತ ಆಳವಾದ ಸೂರಿನ ಕೆಳಗೆ ಕೂರಲಿ. ಕಲ್ಲು ದುಬಾರಿಯಾದರೆ ಒತ್ತು ಮಣ್ಣಿನ ಇಟ್ಟಿಗೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ದವರು 1970ರ ದಶಕದಿಂದಲೇ ಅದರ ಮೇಲೆ ಕೆಲಸ ಮಾಡಿದ್ದಾರೆ. ಪಡುವಣಕ್ಕೆ ಗಾಜು ಮಾತ್ರ ಬೇಡವೇ ಬೇಡ.

1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುವವರು ನಾವೇ. ಮುಂದಿನ ಕಟ್ಟಡದ ನಕ್ಷೆ ಮೇಜಿಗೆ ಬಂದಾಗ ಒಂದು ಪ್ರಶ್ನೆ ಕೇಳಿ: ಏಪ್ರಿಲ್ ಮಧ್ಯಾಹ್ನ, ಕರೆಂಟ್ ಇಲ್ಲದಾಗ, ಇಲ್ಲಿ ಕೂತು ಓದಬಹುದೇ?