ಬೇರಿಗೆ ಬಿಡುವು ಬೇಕು

ಪೆದ್ದೆಮುಲ್‌ನ ಆ ಮನೆಯ ಹಿತ್ತಲಿಗೆ ಬೇವಿನ ಸಸಿ ಬಂದದ್ದು ಮೃಗಶಿರಾ ಮಳೆ ಹಿಡಿದ ವಾರ. ಹೊಲದ ಬದುವಿನಲ್ಲಿ ತಾನಾಗಿ ಎದೆಯೆತ್ತರ ಬೆಳೆದಿದ್ದ ಅದನ್ನು ಮುತ್ಯಾ ಅಗೆದು ತಂದು ನೆಟ್ಟಿದ್ದರು. ಹೈದರಾಬಾದಿನ ಇಂಗ್ಲಿಷ್ ಶಾಲೆ ಬಿಟ್ಟು ಬಂದ ಮೊಮ್ಮಗಳು ಕನ್ನಡ ಶಾಲೆಗೆ ಸೇರಿದ್ದೂ ಅದೇ ವಾರ.

ಹದಿನೈದು ದಿನಗಳಲ್ಲಿ ಸಸಿಯ ಎಲೆಗಳು ಹಳದಿಯಾಗಿ ಉದುರಿದವು. ಹುಡುಗಿ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಸುರಿದಳು. ಅವಳ ತಂದೆ ಯೂರಿಯಾ ತಂದಿರಿಸಿದರು. ಆದರೂ ಚಿಗುರು ಕಾಣಲಿಲ್ಲ.

"ಸತ್ತದ ಮುತ್ಯಾ, ಕಿತ್ತು ಒಗಿಯಲೇನು?"

ಮುತ್ಯಾ ಕಾಂಡದ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದು ತೋರಿಸಿದರು. ಒಳಗೆ ಹಸಿರಿತ್ತು.

"ಜೀವ ಅದ ಯವ್ವಾ. ಬೇರು ಹರಿದಾವ, ಅಷ್ಟ."

ಗಿಡವನ್ನು ಅಗೆಯುವಾಗ ತಾಯಿಬೇರು ತುಂಡಾಗುತ್ತದೆ. ನೀರು ಹೀರುವ ಕೂದಲೆಳೆಯಂಥ ಬೇರುಗಳು ಬಹುಪಾಲು ಹಳೆಯ ಮಣ್ಣಿನಲ್ಲೇ ಉಳಿಯುತ್ತವೆ. ಎಲೆಗಳಿಗೆ ಬೇಕಾದಷ್ಟು ನೀರನ್ನು ಉಳಿದ ಬೇರು ಒದಗಿಸಲಾರದು. ಆಗ ಗಿಡ ಎಲೆಗಳನ್ನು ಕಳಚಿ ಜೀವ ಹಿಡಿದುಕೊಳ್ಳುತ್ತದೆ. ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುವುದರಿಂದ, ನೀರು ಹೆಚ್ಚಾದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಗೊಬ್ಬರದ ಉಪ್ಪು ಗಾಯದ ಬೇರನ್ನು ಸುಡುತ್ತದೆ.

ಮುತ್ಯಾ ಯೂರಿಯಾವನ್ನು ಒಳಗಿರಿಸಿ, ಮಳೆನೀರು ನಿಲ್ಲದಂತೆ ಕಾಲುವೆ ತೋಡಿದರು. ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, ಒಣ ಎಲೆ ಹಾಸಿದರು. ತೊಗರಿ ಕಟ್ಟಿಗೆಯ ತಡಿಕೆಯಿಂದ ಪಡುವಣ ಬಿಸಿಲಿಗೆ ಮರೆ ಕಟ್ಟಿದರು. ಬೆರಳು ಇಳಿಸಿ ನೋಡಿ, ಒಳಮಣ್ಣು ಒಣಗಿದ್ದರೆ ಮಾತ್ರ ನೀರುಣಿಸಬೇಕೆಂದು ಮೊಮ್ಮಗಳಿಗೆ ಹೇಳಿದರು.

ಶಾಲೆಯಲ್ಲಿ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಒತ್ತಕ್ಷರ ಬಂದಲ್ಲಿ ಓದು ನಿಲ್ಲುತ್ತಿತ್ತು. ತಂದೆ ಎರಡು ಟ್ಯೂಷನ್ ಗೊತ್ತು ಮಾಡಿದರು. ತಾಯಿ ವರ್ಗಾವಣೆ ಪತ್ರಕ್ಕೆ ಅರ್ಜಿ ಬರೆದಿಟ್ಟಳು.

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಸೇರಿದಾಗ ಮುತ್ಯಾ ಶಾಲೆಯ ಹುಡುಗ. ಸುತ್ತಲ ಮಾತು ಬದಲಾದಾಗ ಮಗುವಿನ ನಾಲಿಗೆ ಹೇಗೆ ತಡವರಿಸುತ್ತದೆಂದು ಅವರು ಬಲ್ಲರು.

"ಗಿಡಕ್ಕ ಯೂರಿಯಾ ಬ್ಯಾಡ ಅಂದೆ. ಇದಕ್ಕೂ ಈಗ ಬ್ಯಾಡ," ಎಂದರು ಮಗನಿಗೆ.

ಅಂದಿನಿಂದ ಸಂಜೆಗೊಂದೇ ಪುಟ. ತಪ್ಪಿದರೆ ಯಾರೂ ಗದರಲಿಲ್ಲ.

ಶ್ರಾವಣದಲ್ಲಿ ಬೇವಿನ ಕಾಂಡದ ಮೇಲೆ ಕೆಂಪು ಚಿಗುರು ಕಂಡಿತು. ಹುಡುಗಿ ಓಡಿಬಂದು ಹೇಳಿದ್ದು ಕನ್ನಡದಲ್ಲೇ. ಮುತ್ಯಾ ಹಿಗ್ಗಿದರೂ ತಡಿಕೆ ತೆಗೆಯಲಿಲ್ಲ; ಮುಂದಿನ ಬೇಸಿಗೆ ದಾಟುವವರೆಗೆ ಕಾಯಬೇಕು. ಅರ್ಜಿ ಇನ್ನೂ ಪೆಟ್ಟಿಗೆಯಲ್ಲಿದೆ. ತಾಯಿ ಅದನ್ನು ಹೊರತೆಗೆದಿಲ್ಲ.