ಒಂದು ಫಾರಮಿನ ಚೌಕಾಸಿ

“ಕಾಕಾ, ಇದರಾಗಿನ ಪ್ರೋಗ್ರಾಮು ಒಂದೂ ಓಡವಲ್ದು, ನೀವು ಹೆಂಗ ಕಲಿತ್ರಿ?” ಎಂದು ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ಕೇಳಿದಾಗ, ಅವಳ ಕೈಯಲ್ಲಿದ್ದ, ರಟ್ಟು ಕಿತ್ತ ಸಿ ಭಾಷೆಯ ಆ ಕನ್ನಡ ಪುಸ್ತಕವನ್ನು ಹೊಸ ಆವೃತ್ತಿಗಾಗಿ ಪರಿಷ್ಕರಿಸುವ ಭಾರ ನನ್ನ ಮೇಲೆಯೇ ಬಿದ್ದಿತ್ತು.

ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಬಳಿಕದ ದಿನಗಳವು. ಭಾಗ್ಯನಗರದ ನೇಕಾರರ ಓಣಿಯಲ್ಲಿ, ಗಂಜಿ ಹಚ್ಚಿದ ಹಾಸಿನ ಹುಳಿವಾಸನೆ ತುಂಬಿದ ಪಡಸಾಲೆಯಲ್ಲಿ ಕುಳಿತು, ನನಗೆ ಸಿ ಕಲಿಸಿದ ಮಾಸ್ತರರು ಆ ಪುಸ್ತಕವನ್ನು ಬರೆದರು. ಕಂಪ್ಯೂಟರಿನ ಸರದಿ ಬರುವ ಮುನ್ನ ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು, ಲೂಪಿನ ಒಂದೊಂದು ಸುತ್ತಿಗೂ ವೇರಿಯೇಬಲ್ಲಿನ ಬೆಲೆಯನ್ನು ಅಂಚಿನಲ್ಲಿ ಗುರುತಿಸದವನನ್ನು ಅವರು ಯಂತ್ರದ ಸಮೀಪಕ್ಕೂ ಬಿಡುತ್ತಿರಲಿಲ್ಲ.

ಮರುಮುದ್ರಣದ ಕಾಲಕ್ಕೆ ಪ್ರಕಾಶಕರು ಹೊದಿಕೆಯನ್ನಷ್ಟೆ ಬದಲಿಸಿ ‘ಪರಿಷ್ಕೃತ’ವೆಂದು ಅಚ್ಚಿಸಲು ಹವಣಿಸಿದರು.

“ಪಾಯಿಂಟರಿನ ಅಧ್ಯಾಯದಾಗ ತಪ್ಪದಾವ್ರಿ. ಹದಿನಾರು ಪುಟದ ಒಂದು ಫಾರಂ ಹೊಸದಾಗಿ ಹಾಕ್ರಿ, ನನ್ನ ಗೌರವಧನ ಬ್ಯಾಡ,” ಎಂದರು ಮಾಸ್ತರರು.

“ಅರ್ಧ ಫಾರಂ ಮಾಡೂಣ್ರಿ.”

“ಅರ್ಧ ತಪ್ಪು ಹಂಗ ಇರಲೇನ್ರಿ?”

ಇಡೀ ಫಾರಂ ಅಚ್ಚಾಯಿತು. ಸಿ ಭಾಷೆಯ ಕುರಿತ ಕೆರ್ನಿಘನ್ ಮತ್ತು ರಿಚಿಯವರ ಮೂಲಗ್ರಂಥವೇ 1978ರಲ್ಲಿ ಹುಟ್ಟಿ, 1988ರಲ್ಲಿ ಎರಡನೆಯ ಆವೃತ್ತಿಯನ್ನು ಕಂಡು ಅಲ್ಲಿಗೆ ನಿಂತಿತು. ಇಂದಿನ ಗೈಡುಗಳಿಗಾದರೋ ವರ್ಷಕ್ಕೊಂದು ಬಣ್ಣದ ಅಂಗಿ.

ಆದರೂ ಮಮತೆಯು ಸತ್ಯವನ್ನು ಮರೆಮಾಚಬಾರದು. ಮಾಸ್ತರರದು ಟರ್ಬೊ ಸಿ ಎಂಬ ನೀಲಿ ಪರದೆಗೆಂದೇ ಬರೆದ ಪುಸ್ತಕ. ಅದರ ‘ಕ್ಲಿಯರ್ ಸ್ಕ್ರೀನ್’ ಆಜ್ಞೆಯನ್ನು ಇಂದಿನ ಲಿನಕ್ಸ್ ಅರಿಯದು. ಒಳಬರುವ ಅಕ್ಷರಗಳೆಷ್ಟೆಂದು ಲೆಕ್ಕಿಸದೆ ಪಕ್ಕದ ಸ್ಮೃತಿಯನ್ನೂ ಕೆಡಿಸಬಲ್ಲ ‘ಗೆಟ್ಸ್’ ಅನ್ನು ಭಾಷೆಯ 2011ರ ಪ್ರಮಾಣವು ಕಿತ್ತೇ ಹಾಕಿತು. ಮಾಸ್ತರರು ಅದನ್ನು ಅಧ್ಯಾಯ ಅಧ್ಯಾಯಕ್ಕೂ ಬಳಸಿದ್ದರು.

ಮರುಮುದ್ರಣದ ಅಕ್ಷರಜೋಡಣೆ ಹಳೆಯ ನುಡಿ ಫಾಂಟಿನಲ್ಲಾಗಿತ್ತು. ಇಂಗ್ಲಿಷಿನ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದ ಆ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದೊಡನೆ ವಿವರಣೆಯೆಲ್ಲ ನೆಟ್ಟಗೆ ಬಂದಿತಾದರೂ, ಪ್ರೋಗ್ರಾಮುಗಳೂ ಕನ್ನಡವೆಂದೇ ಗ್ರಹಿಸಲ್ಪಟ್ಟು ಅರ್ಥಹೀನ ಒತ್ತಕ್ಷರಗಳ ರಾಶಿಯಾದವು. ಸಾಲುಸಾಲಾಗಿ ಮತ್ತೆ ಟೈಪಿಸುತ್ತ, ಅಂಚಿನ ಬೆಲೆಗಳನ್ನು ತಾಳೆ ನೋಡುತ್ತ, ಮಾಸ್ತರರ ಪಾಠವನ್ನು ಎರಡನೆಯ ಬಾರಿ ಕಲಿತೆ.

ಉತ್ತರವನ್ನು ಮೊಬೈಲೇ ಹೇಳುವಾಗ ಕಾಗದದ ಅಭ್ಯಾಸಗಳೇಕೆ, ತೆಗೆದುಬಿಡಿ ಎನ್ನುತ್ತಾರೆ ಈಗಿನ ಪ್ರಕಾಶಕರು. ಗೆಟ್ಸ್ ತೆಗೆದಿದ್ದೇನೆ, ನೀಲಿ ಪರದೆಯ ಚಿತ್ರಗಳನ್ನೂ ತೆಗೆದಿದ್ದೇನೆ. ಉತ್ತರವು ಇಷ್ಟು ಅಗ್ಗವಾಗಿ, ಅದು ಸರಿಯೇ ಎಂದು ಪರೀಕ್ಷಿಸಬಲ್ಲವರು ದುರ್ಲಭರಾಗಿರುವ ಕಾಲದಲ್ಲಿ ಅಭ್ಯಾಸಗಳನ್ನು ಮಾತ್ರ ತೆಗೆಯಲಾರೆ. ಪುಟ ಉಳಿಸಲೇಬೇಕೆಂದಿದ್ದರೆ ನನ್ನ ಮುನ್ನುಡಿಯನ್ನು ಬಿಡಲಿ.